ಎರವಲು ಕೊಟ್ಟ ಆಳು

ನಮ್ಮ ಕ್ರಿಕೆಟ್ ಕ್ಲಬ್ಬಿನಲ್ಲಿ ನನ್ನನ್ನು ಜಿಪುಣ ಅನ್ನುತ್ತಾರೆ. ಅನ್ನಲಿ. ಶನಿವಾರದ ಆಟಕ್ಕೆ ಎದುರು ತಂಡದವರು ಹತ್ತೇ ಜನ ಬಂದು, "ಡೆಂಝಿಲ್, ಫೀಲ್ಡಿಂಗಿಗೆ ಒಬ್ಬನ್ನ ಕೊಡೋ ಮಾರಾಯ" ಎಂದು ಹಲ್ಲು ಕಿರಿದರೆ ನಾನು ಕೊಡುವುದಿಲ್ಲ. ಹತ್ತು ಜನರಲ್ಲೇ ಆಡಿ ಎನ್ನುತ್ತೇನೆ. ಅವರ ಮುಖ ಸಣ್ಣಗಾಗುತ್ತದೆ. ನಮ್ಮವರ ಮುಖ ಅದಕ್ಕಿಂತ ಸಣ್ಣಗಾಗುತ್ತದೆ.

ಯಾರ್ಕ್‌ಷೈರಿನ ಕ್ಲಬ್ ಮೈದಾನಗಳಲ್ಲಿ ಆಳು ಕೊಡುವುದೆಂದರೆ ಪಕ್ಕದ ಮನೆಗೆ ಒಂದು ಚಮಚ ಹೆಪ್ಪು ಕೊಟ್ಟಷ್ಟು ಸಹಜ. ಬ್ಯಾಟಿಂಗ್ ಮಾಡುವ ತಂಡದಲ್ಲಿ ಒಂಬತ್ತು ಜನ ಸುಮ್ಮನೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿರುತ್ತಾರೆ. ಅವರಲ್ಲೊಬ್ಬ ಎದ್ದು ಹೋಗಿ ಎದುರಾಳಿಗೆ ಫೀಲ್ಡಿಂಗ್ ಮಾಡುತ್ತಾನೆ. ಹೋದವನು ಪ್ರಾಮಾಣಿಕವಾಗಿ ಮಾಡಬೇಕು. ಉಂಡ ಮನೆಗೆ ಎರಡು ಬಗೆಯಬಾರದು. ತನ್ನವನದೇ ಕ್ಯಾಚ್ ಬಂದರೆ ಹಿಡಿಯಬೇಕು, ಹಿಡಿದರೆ ಸಂಜೆ ಆ ಔಟಾದವನಿಗೆ ಒಂದು ಲೋಟ ಬಿಯರ್ ಕೊಡಿಸಬೇಕು. ಎಲ್ಲರೂ ನಗುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ನಾನೂ ಎಷ್ಟೋ ವರ್ಷ ಹಾಗೆ ನಕ್ಕವನೇ.

ಅದು ಪೆರೆಗ್ರೀನ್ಸ್ ತಂಡದಲ್ಲಿ ಮುಗಿಯಿತು.

ಪೆರೆಗ್ರೀನ್ಸ್ ಅಂದರೆ ಗಿಡುಗಗಳು. ಹೆಸರಿಟ್ಟವರು ಲಂಡನ್ನಿನಲ್ಲಿ ಕೂತ ದೊಡ್ಡವರು. ಭಾನುವಾರಗಳ ನಲವತ್ತು ಓವರ್ ಲೀಗಿಗೆ ಒಂದು ತಂಡ ಕಡಿಮೆ ಬಿತ್ತೆಂದು, ಯಾವ ಕೌಂಟಿಯ, ಅಂದರೆ ಸಂಬಳ ಕೊಟ್ಟು ಆಡಿಸುವ ಜಿಲ್ಲಾ ತಂಡದ, ಕರಾರೂ ಇಲ್ಲದ ನಮ್ಮಂಥವರನ್ನು ಅಲ್ಲಿಂದೊಬ್ಬ ಇಲ್ಲಿಂದೊಬ್ಬ ಹೆಕ್ಕಿ ತಂದು, ನೀಲಿ ಅಂಗಿ ತೊಡಿಸಿ, ವರ್ಷವಿಡೀ ಆಟವನ್ನೇ ಉಸಿರಾಡುವ ಕೌಂಟಿ ತಂಡಗಳ ಎದುರು ನಿಲ್ಲಿಸಿದರು. ಕೌಂಟಿ ಹುಡುಗರು ನಮ್ಮನ್ನು ಕರೆಯುತ್ತಿದ್ದದ್ದು ಬೀಡಾಡಿಗಳು ಎಂದು. ನಮಗೆ ಸ್ವಂತ ಮೈದಾನವೂ ಇರಲಿಲ್ಲವಾದ್ದರಿಂದ ಆ ಹೆಸರೇ ಸರಿಯಾಗಿತ್ತು.

ನಮ್ಮಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ಯಾವುದೋ ಕೌಂಟಿಯಲ್ಲಿದ್ದು ಹೊರಬಿದ್ದವರು. ಹೊರಹಾಕುವ ರೀತಿ ಎಲ್ಲ ಕಡೆಯೂ ಒಂದೇ. ಸೆಪ್ಟೆಂಬರಿನಲ್ಲಿ ಕೋಚ್ ತನ್ನ ಕೋಣೆಗೆ ಕರೆಯುತ್ತಾನೆ. ಉಳಿಸಿಕೊಳ್ಳುವವನಾದರೆ ನಿಂತಲ್ಲೇ, ಭುಜ ತಟ್ಟಿ, ಅರ್ಧ ನಿಮಿಷದಲ್ಲಿ ಹೇಳಿ ಕಳಿಸುತ್ತಾನೆ. ಕಳಿಸುವವನಾದರೆ ಮೊದಲು ಕುರ್ಚಿ ಎಳೆದು ಕೂರಿಸುತ್ತಾನೆ. ನನಗೆ ಕುರ್ಚಿ ಕೊಟ್ಟದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ. ಅಂದಿನಿಂದ ಮನೆಮನೆಗೆ ಹೋಗಿ ಬಾಯ್ಲರ್ ರಿಪೇರಿ ಮಾಡುತ್ತೇನೆ. ನಮ್ಮ ತಂಡದ ರಸೆಲ್ ಹೆಬ್ಡನ್‌ಗೆ, ನಾವೆಲ್ಲ ರಸ್ ಅನ್ನುವವನಿಗೆ, ಕೊಟ್ಟದ್ದು ಇಪ್ಪತ್ತೆರಡಕ್ಕೆ. ಅವನು ಮನೆಗಳ ಮೇಲೆ ಹತ್ತಿ ಹಂಚು ಹೊದಿಸುತ್ತಿದ್ದ.

ರಸ್ ನನ್ನ ಹಾಗಲ್ಲ. ನಾನು ಎಡಗೈ ಸ್ಪಿನ್ನರ್, ನನ್ನಂಥವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ರಸ್ ಬ್ಯಾಟ್ ಹಿಡಿದರೆ ನೋಡುವವರಿಗೆ ಹಸಿವು ಮರೆಯುತ್ತಿತ್ತು. ಇಪ್ಪತ್ತೊಂಬತ್ತಾದರೂ ಅವನ ಆಸೆ ಸತ್ತಿರಲಿಲ್ಲ, ಅದೇ ಅವನ ದುರದೃಷ್ಟ. ಆ ಆಗಸ್ಟಿನಲ್ಲಿ ಅವನ ಮುಂದೆ ಎರಡು ಬಾಗಿಲಿದ್ದವು. ಒಂದು, ಜೈಲಿನ ಕಾವಲು ಕೆಲಸ: ಸೋಮವಾರ ಬೆಳಿಗ್ಗೆಯೊಳಗೆ ಹೂಂ ಅನ್ನಬೇಕು, ಶನಿವಾರ ಭಾನುವಾರ ರಜೆಯಿಲ್ಲ, ಅಂದರೆ ಕ್ರಿಕೆಟ್ಟಿಗೆ ಎಳ್ಳುನೀರು. ಇನ್ನೊಂದು, ವೆಲ್ಯಾಂಡ್‌ಶೈರ್ ಕೌಂಟಿ. ಅವರ ಕೋಚ್ ಬ್ರೂಸ್ಟರ್‌ಗೆ ಒಬ್ಬ ಬ್ಯಾಟ್ಸ್‌ಮನ್ ಬೇಕಾಗಿದ್ದ. ಆ ಭಾನುವಾರ ನಮ್ಮ ಆಟ ಇದ್ದದ್ದೂ ವೆಲ್ಯಾಂಡ್‌ಶೈರ್ ಮೇಲೆಯೇ, ಕಾಲುವೆ ಪಕ್ಕದ ಸ್ಕಾರ್ಬೆಕ್ ಮೈದಾನದಲ್ಲಿ.

ಬೆಳಿಗ್ಗೆ ಬ್ರೂಸ್ಟರ್ ರಸ್ಸನ್ನು ಪಕ್ಕಕ್ಕೆ ಕರೆದ. ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಅವನು ನಿಸ್ಸೀಮ. ಅವತ್ತು ಮಾತ್ರ ಬಿಡಿಸಿ ಹೇಳಿದ.

"ನೋಡು ಹೆಬ್ಡನ್, ನನಗೆ ನೀನು ಬೇಕು. ಆದ್ರೆ ನಮ್ಮ ಕಮಿಟಿಯ ಮುದುಕರಿಗೆ ಆಟ ಅರ್ಥ ಆಗಲ್ಲ, ಲೆಕ್ಕ ಅರ್ಥ ಆಗುತ್ತೆ. ನಮ್ಮ ಮೇಲೇ ಒಂದು ನೂರು ಹೊಡಿ. ಎರಡು ವರ್ಷದ ಕರಾರು ನಾನು ಮಾಡಿಸ್ತೀನಿ."

"ತೊಂಬತ್ತಾದ್ರೆ?" ಎಂದು ರಸ್ ನಗುತ್ತ ಕೇಳಿದ.

"ತೊಂಬತ್ತು ಯಾರಿಗೂ ನೆನಪಿರಲ್ಲ ಕಣಯ್ಯ."

ನಾವು ಮೂವರು ಡ್ಯೂಸ್‌ಬರಿಯಿಂದ ಒಂದೇ ಕಾರಿನಲ್ಲಿ ಬರುತ್ತಿದ್ದೆವು. ನಾನು, ರಸ್, ಮತ್ತು ಕಾರಿನ ಯಜಮಾನ ಸಾಕಿಬ್ ಖೋಖರ್. ಸಾಕಿಬ್‌ನದು ಕನ್ನಡಕದಂಗಡಿ; ಜನರ ಕಣ್ಣು ನೋಡಿ ನಂಬರು ಹೇಳುವುದು ಅವನ ಕೆಲಸ. ಅವನಷ್ಟು ಚೆನ್ನಾಗಿ ಫೀಲ್ಡಿಂಗ್ ಮಾಡುವವನು ನಮ್ಮಲ್ಲಿ ಇನ್ನೊಬ್ಬನಿರಲಿಲ್ಲ. ಆದರೆ ಹಿಂದಿನ ವಾರ ಒಂದು ಸುಲಭದ ಕ್ಯಾಚ್ ಬಿಟ್ಟಿದ್ದ, ಆಟ ಸೋತಿದ್ದೆವು. ಅದಕ್ಕೆ ಈ ವಾರ ಅವನನ್ನು ಹನ್ನೊಂದರಿಂದ ತೆಗೆದು ಹನ್ನೆರಡನೆಯವನನ್ನಾಗಿ ಕೂರಿಸಿದ್ದರು. ಆ ಬೆಳಿಗ್ಗೆ ಬರುವಾಗ ದಾರಿಯುದ್ದಕ್ಕೂ ನಮ್ಮಿಬ್ಬರಿಂದ ಅವನಿಗೆ ಅದೇ ಮಂಗಳಾರತಿ.

"ಕಣ್ಣಿನ ಡಾಕ್ಟ್ರಿಗೇ ಚೆಂಡು ಕಾಣಲ್ಲ ಅಂದ್ರೆ ನಾವು ಯಾರ ಹತ್ರ ತೋರಿಸ್ಬೇಕೋ?" ಎಂದ ರಸ್.

"ನಗು, ನಗು. ನಿನ್ನ ಬಂಡವಾಳ ನನಗೆ ಗೊತ್ತು. ಎರಡು ಸಲ ಕುಟ್ಟೋದನ್ನ ಮೊದಲು ಬಿಡು."

ಇದು ಅವರಿಬ್ಬರ ನಡುವಿನ ಹಳೆಯ ಮಾತು. ಚಳಿಗಾಲ ಪೂರ್ತಿ ಒಂದು ಶಾಲೆಯ ಒಳಾಂಗಣದಲ್ಲಿ ಸಾಕಿಬ್ ಚೆಂಡೆಸೆಯುತ್ತಿದ್ದ, ರಸ್ ಹೊಡೆಯುತ್ತಿದ್ದ. ಮೊಣಕಾಲೂರಿ ಮಿಡ್‌ವಿಕೆಟ್ ಮೇಲೆ ಎತ್ತಿ ಬಾರಿಸುವುದು ರಸ್‌ನ ಪ್ರಾಣದಂಥ ಹೊಡೆತ. ಅದು ಮನಸ್ಸಿಗೆ ಬಂದರೆ, ಬೌಲರ್ ಓಡಿ ಬರುವಾಗ ಬ್ಯಾಟನ್ನು ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದ. ಬೇರೆ ಹೊಡೆತಕ್ಕಾದರೆ ಒಂದೇ ಸಲ. ಸಾಕಿಬ್ ಹೇಳದಿದ್ದರೆ ಅದು ನಮಗೆ ಯಾರಿಗೂ ಹೊಳೆಯುತ್ತಿರಲಿಲ್ಲ, ರಸ್‌ಗೇ ಹೊಳೆದಿರಲಿಲ್ಲ.

"ಅದು ನಿನಗೊಬ್ಬನಿಗೇ ಕಾಣೋದು ಬಿಡೋ" ಎಂದ ರಸ್. "ನೀನೇನು ನನ್ನ ಎದುರು ಆಡ್ತೀಯಾ?"

ವೆಲ್ಯಾಂಡ್‌ಶೈರಿನವರು ಮೊದಲು ಆಡಿ ಇನ್ನೂರ ಮೂವತ್ತೆಂಟು ಮಾಡಿದರು. ನಮಗೆ ಅದು ಬೆಟ್ಟ. ಮೂರನೆಯವನಾಗಿ ಹೋದ ರಸ್ ಆ ಬೆಟ್ಟವನ್ನು ಒಬ್ಬನೇ ಅಗೆಯತೊಡಗಿದ. ಹುಲ್ಲಿನ ಮೇಲೆ ಕಂಬಳಿ ಹಾಸಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದ ಮುದುಕರು ಮೆಲ್ಲಗೆ ಎದ್ದು ಹಗ್ಗದ ಬಳಿಗೆ ಬಂದರು. ಅವರೆಲ್ಲ ಬಂದದ್ದು ವೆಲ್ಯಾಂಡ್‌ಶೈರನ್ನು ನೋಡಲು. ಚಪ್ಪಾಳೆ ಮಾತ್ರ ರಸ್‌ಗೆ. ಆ ಕಡೆ ವೆಲ್ಯಾಂಡ್‌ಶೈರಿನ ಒಬ್ಬನಿಗೆ ತೊಡೆ ಹಿಡಿದುಕೊಂಡು, ಅವರ ಹನ್ನೆರಡನೆಯವನು ಒಳಗೆ ಬಂದ. ಆಮೇಲೆ ರಸ್‌ನ ಒಂದು ಹೊಡೆತ ಸ್ಲಿಪ್ಪಿನಲ್ಲಿದ್ದವನ ಬೆರಳು ಒಡೆಯಿತು. ಅವನೂ ಹೊರಟ. ಅವರ ಬಸ್ಸಿನಲ್ಲಿ ಇನ್ನು ಆಡುವವರಿರಲಿಲ್ಲ.

ನೀರು ಕುಡಿಯುವ ಬಿಡುವಿನಲ್ಲಿ ಬ್ರೂಸ್ಟರ್ ಕುಂಟುತ್ತ ನಮ್ಮ ಮೆಟ್ಟಿಲ ಬಳಿ ಬಂದ. ಅವನ ಮೊಣಕಾಲು ಹಿಂದೆಯೇ ಕೆಟ್ಟಿತ್ತು. ನಮ್ಮ ನಾಯಕ ಕಿಟ್ ಫ್ಯಾನ್‌ಶಾ ಆಗಲೇ ಔಟಾಗಿ, ಚೀಸು ಉಪ್ಪಿನಕಾಯಿ ಹಾಕಿದ ಸ್ಯಾಂಡ್‌ವಿಚ್ ಹಿಡಿದು ಕೂತಿದ್ದ. ಕಿಟ್ ಶ್ರೀಮಂತರ ಮಕ್ಕಳು ಓದುವ ಶಾಲೆಯಲ್ಲಿ ಮೇಷ್ಟ್ರು. ಜೀವನದಲ್ಲಿ ಯಾರಿಗೂ ಇಲ್ಲ ಅಂದವನಲ್ಲ, ಏಕೆಂದರೆ ಇಲ್ಲ ಅನ್ನಿಸಿಕೊಂಡವನೂ ಅಲ್ಲ.

"ಕಿಟ್, ಒಬ್ಬ ಕಮ್ಮಿ ಬಿದ್ದಿದ್ದಾನೆ ಕಣಯ್ಯ. ನಿನ್ನ ಕಡೆಯವನೊಬ್ಬನ್ನ ಕಳಿಸ್ತೀಯಾ?"

"ಅದಕ್ಕೇನಂತೆ, ಧಾರಾಳವಾಗಿ ಕರ್ಕೊಂಡು ಹೋಗಿ" ಎಂದ ಕಿಟ್. ಬಾಯಲ್ಲಿದ್ದ ತುತ್ತನ್ನೂ ನುಂಗಿರಲಿಲ್ಲ.

ನಾನು ಪ್ಯಾಡು ಕಟ್ಟಿ ಅಲ್ಲೇ ಕೂತಿದ್ದೆ. ರಕ್ತ ನೆತ್ತಿಗೇರಿತು. "ಕಿಟ್, ಇದು ಶನಿವಾರದ ಕ್ಲಬ್ ಆಟ ಅಲ್ಲ. ಕೌಂಟಿಗೂ ಕೌಂಟಿಗೂ ಆಟ ಇದ್ದಾಗ ಯಾವನಾದ್ರೂ ಹೀಗೆ ಆಳು ಕೇಳ್ತಾನಾ? ಕೇಳಿದ್ರೆ ಕೊಡ್ತಾರಾ? ಹತ್ತು ಜನ ಆಡ್ಲಿ ಬಿಡು."

"ಡೆಂಝಿಲ್, ಅವರು ಕೊಡಲ್ಲ ಅಂತ ನಾವೂ ಮರ್ಯಾದೆ ಬಿಡೋದಾ?"

"ಮರ್ಯಾದೆ ಅಲ್ಲಿ ಆಡ್ತಾ ಇಲ್ಲ ಸ್ವಾಮಿ, ರಸ್ ಆಡ್ತಾ ಇದ್ದಾನೆ."

ಕಿಟ್ ನಕ್ಕ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ನಾವು ಪಗಾರಿಲ್ಲದ ಬೀಡಾಡಿಗಳಾದ್ದರಿಂದಲೇ ಬ್ರೂಸ್ಟರ್‌ಗೆ ಕೇಳುವ ಧೈರ್ಯ ಬಂದದ್ದು ಎಂದು ಆ ಮೇಷ್ಟ್ರ ತಲೆಗೆ ಹೋಗಲೇ ಇಲ್ಲ. ನಾನು ಸಾಕಿಬ್ ಕಡೆ ತಿರುಗಿದೆ. ಅವನಾಗಲೇ ಬೂಟಿನ ದಾರ ಬಿಗಿಯುತ್ತಿದ್ದ. ವಾರವಿಡೀ ಬಾಡಿದ್ದ ಮುಖ ಅರಳಿತ್ತು. ಯಾರ ಕಡೆಗೆ ಎಂಬುದು ಅವನಿಗೆ ಆ ಗಳಿಗೆಯಲ್ಲಿ ಮುಖ್ಯವಾಗಿರಲಿಲ್ಲ. ಮೈದಾನಕ್ಕೆ ಯಾರೋ ಕರೆದರಲ್ಲ, ಅಷ್ಟು ಸಾಕಿತ್ತು. ಅವನನ್ನು ಹೇಗೆ ಬೈಯಲಿ?

ಬ್ರೂಸ್ಟರ್ ಒಂದು ಕೆಂಗಂದು ಬಣ್ಣದ ಅಂಗಿ ಎಸೆದ. "ಹೆಸರೇನಪ್ಪ?"

"ಸಾಕಿಬ್."

"ಏನು?"

"ಸಾಕಿಬ್."

"ಸರಿ ಸಬ್, ಮಿಡ್‌ವಿಕೆಟ್ ಬೌಂಡರಿಗೆ ಹೋಗು."

ಬದಲಿ ಆಟಗಾರನಿಗೆ ಎಲ್ಲರೂ ಸಬ್ ಎನ್ನುತ್ತಾರೆ. ಹೆಸರು ಕೇಳಿಸದಿದ್ದದ್ದು ಬ್ರೂಸ್ಟರ್‌ಗೆ ಅನುಕೂಲವೇ ಆಯಿತು.

ಎದುರಾಳಿಯ ಅಂಗಿಯಲ್ಲಿ ಸಾಕಿಬ್ ಓಡಿ ಬರುವುದನ್ನು ಕಂಡು ರಸ್ ಬ್ಯಾಟ್ ಮೇಲೆ ಒರಗಿ ನಕ್ಕನಂತೆ. "ಏನೋ, ಪಕ್ಷಾಂತರ ಮಾಡಿಬಿಟ್ಯಾ?"

"ಇವರ ಕಡೆ ಊಟ ಚೆನ್ನಾಗಿದೆಯಂತೆ" ಎಂದನಂತೆ ಸಾಕಿಬ್.

ಅದು ಆ ದಿನದ ಕೊನೆಯ ನಗು.

ಎಂಟನೆಯ ವಿಕೆಟ್ ಬಿದ್ದಾಗ ನಾನು ಒಳಗೆ ಹೋದೆ. ಗೆಲ್ಲಲು ಇನ್ನು ಹದಿನೆಂಟು ಬೇಕಿತ್ತು, ಮೂರು ಓವರ್ ಇತ್ತು. ರಸ್ ತೊಂಬತ್ತಮೂರರಲ್ಲಿದ್ದ. ಮುಖದ ಮೇಲೆ ಬೆವರು, ಧೂಳು; ಕಣ್ಣು ಮಾತ್ರ ಹದಿನೆಂಟು ವರ್ಷದವನದು.

"ಡೆನ್, ನೀನು ಏನೂ ಮಾಡ್ಬೇಡ. ಕಂಬದ ಥರ ನಿಂತಿರು. ನಾನು ಕರೆದಾಗ ಓಡು."

"ಕಂಬ ಓಡುತ್ತೇನೋ?"

"ಇವತ್ತು ಓಡುತ್ತೆ. ಒಂದು ಸಿಕ್ಸು, ಒಂದು ಒಂಟಿ ರನ್. ಅಷ್ಟೇ ಕಣೋ ಉಳಿದಿರೋದು. ನಾಳೆ ಆ ಜೈಲಿನೋರಿಗೆ ಫೋನ್ ಮಾಡಿ, ಬೇರೆ ಬೀಗದ ಕೈ ಹುಡುಕ್ಕೊಳಿ ಅಂತೀನಿ."

ಬೌಲಿಂಗಿಗೆ ಬಂದವನು ಲೇಥಮ್ ಎಂಬ ಮಧ್ಯಮ ವೇಗದವನು. ನಾನು ಬೌಲರ್ ತುದಿಯಲ್ಲಿ ನಿಂತಿದ್ದೆ. ಲೇಥಮ್ ತಿರುಗಿ ಓಡತೊಡಗಿದಾಗ ರಸ್‌ನ ಬ್ಯಾಟ್ ನೆಲಕ್ಕೆ ತಾಗಿದ ಸದ್ದು ಕೇಳಿಸಿತು. ಟಕ್, ಟಕ್.

ನನ್ನ ಕಣ್ಣು ತಾನಾಗಿಯೇ ಮಿಡ್‌ವಿಕೆಟ್ ಕಡೆ ಹೋಯಿತು. ಸಾಕಿಬ್ ಹಗ್ಗದ ಗುಂಟ ತನ್ನ ಬಲಕ್ಕೆ ಸರಿಯುತ್ತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ. ವೆಲ್ಯಾಂಡ್‌ಶೈರ್ ನಾಯಕ ಬೇರೆ ಕಡೆ ನೋಡುತ್ತಿದ್ದ. ಅವನು ಬೇಕೆಂದು ಸರಿದನೆಂದು ನಾನು ಇಂದಿಗೂ ನಂಬುವುದಿಲ್ಲ. ಒಂದು ಚಳಿಗಾಲ ಪೂರ್ತಿ ನೋಡಿದ ಕಣ್ಣು ಕಾಲಿಗೆ ಹೇಳಿತು, ಕಾಲು ಹೋಯಿತು. ಸಂಬಳ ತಿನ್ನುವ ಕೌಂಟಿಯವನು ಆ ಜಾಗದಲ್ಲಿದ್ದಿದ್ದರೆ ನಿಲ್ಲಿಸಿದ ಕಡೆಯೇ ನಿಂತಿರುತ್ತಿದ್ದ. ಚೆಂಡು ಅವನ ಪಕ್ಕದಿಂದ ಹಾರಿ ಕಾಲುವೆಗೆ ಬೀಳುತ್ತಿತ್ತು.

ರಸ್ ಮೊಣಕಾಲೂರಿ ಹೊಡೆದ. ಅದಕ್ಕಿಂತ ಚೆನ್ನಾಗಿ ಹೊಡೆಯಲು ಬರುವುದಿಲ್ಲ. ಚೆಂಡು ಮೇಲೇರಿತು, ಮುದುಕರು ಕೈ ಎತ್ತಿದರು, ನಾನು ಓಡಿದೆ. ಸಾಕಿಬ್ ಹಗ್ಗಕ್ಕೆ ಬೆನ್ನು ತಾಗುವಷ್ಟು ಹಿಂದೆ ಹೋಗಿ, ಎಗರಿ, ಒಂದೇ ಕೈಯಲ್ಲಿ ಅದನ್ನು ಆಕಾಶದಿಂದ ಕಿತ್ತುಕೊಂಡು ಕೆಳಗೆ ಬಿದ್ದ. ಹಗ್ಗದ ಒಳಗೇ ಬಿದ್ದ.

ಪಿಚ್ಚಿನ ನಡುವೆ ನಾವಿಬ್ಬರೂ ನಿಂತುಬಿಟ್ಟೆವು.

ಸಾಕಿಬ್ ಎದ್ದು ಚೆಂಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂಗಿದ. ಹಿಂದಿನ ವಾರ ಬಿಟ್ಟದ್ದನ್ನೆಲ್ಲ ತೀರಿಸಿದವನ ಕೂಗು ಅದು, ಶುದ್ಧ ಸಂತೋಷದ್ದು. ಒಂದು ಕ್ಷಣ ಅಷ್ಟೇ. ಆಮೇಲೆ ಅವನಿಗೆ ನಾವು ಕಂಡೆವು. ಎತ್ತಿದ ಕೈ ಹಾಗೇ ಕೆಳಗಿಳಿಯಿತು. ಕೆಂಗಂದು ಅಂಗಿಯವರೆಲ್ಲ ಓಡಿ ಹೋಗಿ ಅವನ ತಲೆ ಸವರಿದರು, ಬೆನ್ನು ಗುದ್ದಿದರು. "ಭೇಷ್ ಸಬ್! ಭೇಷ್!" ಒಬ್ಬನಿಗೂ ಅವನ ಹೆಸರು ಗೊತ್ತಿರಲಿಲ್ಲ.

ರಸ್ ಕೈಗವಸು ಬಿಚ್ಚುತ್ತ ಕೇಳಿದ: "ಅವನು ಅಲ್ಲಿ ನಿಂತಿರಲಿಲ್ಲ ಅಲ್ವಾ?"

"ಇರಲಿಲ್ಲ" ಎಂದೆ.

"ಕುಟ್ಟಿದ್ನಾ?"

"ಕುಟ್ಟಿದೆ."

ಅವನು ತಲೆಯಾಡಿಸಿ ನಡೆದ. ಧ್ವನಿವರ್ಧಕದಲ್ಲಿ ಹೇಳಿದರು: ರಸೆಲ್ ಹೆಬ್ಡನ್, ಕ್ಯಾಚ್ ಸಬ್, ಬೌಲ್ಡ್ ಲೇಥಮ್, ತೊಂಬತ್ತಮೂರು. ನಮ್ಮವರು ಉಳಿದ ರನ್ನು ಮಾಡಲಿಲ್ಲ. ಕೊನೆಯ ಓವರಿನಲ್ಲಿ ನಾನೇ ಬೌಲ್ಡಾದೆ. ಕಂಬ ಓಡಲಿಲ್ಲ.

ಸಂಜೆ ಬಾರಿನಲ್ಲಿ ನಮ್ಮವರೇ ಸಾಕಿಬ್‌ನನ್ನು ಹುರಿದು ಮುಕ್ಕಿದರು. "ನಮ್ಮ ಊಟಕ್ಕಿಲ್ಲದ ಉಪ್ಪಿನಕಾಯಿ ಬಂತು ನೋಡ್ರೋ" ಎಂದ ಒಬ್ಬ. ಕಿಟ್ ಮಾತ್ರ, "ಎಂಥ ಕ್ಯಾಚಪ್ಪ, ಆಟ ಅಂದ್ರೆ ಇದು" ಎಂದು ಎಲ್ಲರಿಗೂ ಕೇಳುವ ಹಾಗೆ ಹೊಗಳಿದ. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು.  ಸಾಕಿಬ್ ಕುಡಿಯುವವನಲ್ಲ; ಆದರೂ ಕೌಂಟರಿಗೆ ಹೋಗಿ, ವಾಡಿಕೆಯಂತೆ ಒಂದು ಲೋಟ ಬಿಯರ್ ತುಂಬಿಸಿ ತಂದು ರಸ್‌ನ ಮುಂದಿಟ್ಟ. ನೊರೆ ಚೆಲ್ಲಿ ಅವನ ಬೆರಳೆಲ್ಲ ಒದ್ದೆಯಾಗಿತ್ತು.

"ತಗೋ" ಎಂದ. 

ರಸ್ ಲೋಟವನ್ನು ನೋಡುತ್ತಿದ್ದಾಗಲೇ ಬ್ರೂಸ್ಟರ್ ಬಂದ. ಬಂದವನು ಪಕ್ಕದ ಮೇಜಿನಿಂದ ಒಂದು ಕುರ್ಚಿ ಎಳೆದ. "ಬಾ ಹೆಬ್ಡನ್, ಕೂತ್ಕೋ."

ಅಲ್ಲಿದ್ದ ನಮ್ಮವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಸೆಪ್ಟೆಂಬರಿನಲ್ಲಿ ಅಂಥ ಕುರ್ಚಿಯಲ್ಲಿ ಕೂತವರು.  ರಸ್ ಕೂರಲಿಲ್ಲ.

"ನಿಂತೇ ಕೇಳ್ತೀನಿ, ಹೇಳಿ."

"ಚೆನ್ನಾಗಿ ಆಡ್ದೆ. ಬಹಳ ಚೆನ್ನಾಗಿ ಆಡ್ದೆ. ಆದ್ರೆ ನೋಡು, ದಡ ಮುಟ್ಟಿಸಿದ್ದಿದ್ರೆ..."

"ನಿಮಗೆ ನಾವೇ ಆಳು ಕೊಟ್ಟು ನಾನು ಮುಳುಗಿದ್ದು, ಅಲ್ವಾ?"

"ಅದನ್ನೆಲ್ಲ ಕಮಿಟಿ ಕೇಳಲ್ಲಪ್ಪ" ಎಂದ ಬ್ರೂಸ್ಟರ್, ನಿಜವಾಗಿಯೂ ಬೇಸರಗೊಂಡವನಂತೆ. ಹಾಗೇ ತಿರುಗಿ, ನಿಂತಲ್ಲೇ ಸಾಕಿಬ್‌ನ ಭುಜ ತಟ್ಟಿದ. "ನೀನು, ಸಬ್, ಮುಂದಿನ ಭಾನುವಾರ ಬಾ. ಸೀಸನ್ ಮುಗಿಯೋ ತನಕ ನಮಗೆ ಹನ್ನೆರಡನೆಯವನು ಬೇಕು. ಒಳ್ಳೇ ಕೈ ನಿನ್ನದು." ಅರ್ಧ ನಿಮಿಷವೂ ಹಿಡಿಯಲಿಲ್ಲ.

ರಸ್ ಬಿಯರ್ ಮುಟ್ಟದೆ ಹೊರಗೆ ನಡೆದ. ಲೋಟ ಅಲ್ಲೇ ಇತ್ತು.

ಮುಂದಿನದನ್ನು ಈಗಲೇ ಹೇಳಿ ಮುಗಿಸುತ್ತೇನೆ, ಕೊನೆಯಲ್ಲಿ ಹೇಳಲು ನನಗೆ ಮನಸ್ಸಿಲ್ಲ. ಸಾಕಿಬ್ ಆ ಸೀಸನ್ ಮುಗಿಯುವವರೆಗೆ ವೆಲ್ಯಾಂಡ್‌ಶೈರಿಗೆ ನೀರು ಹೊತ್ತ, ಟವೆಲು ಹೊತ್ತ, ಒಂದು ಪಂದ್ಯದಲ್ಲೂ ಹನ್ನೊಂದರೊಳಗೆ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಅವನಿಗೆ ಕುರ್ಚಿ ಕೊಡುವಷ್ಟು ವ್ಯವಧಾನವೂ ಯಾರಿಗೂ ಇರಲಿಲ್ಲ. ಆ ಬ್ಯಾಟ್ಸ್‌ಮನ್ ಜಾಗಕ್ಕೆ ದಕ್ಷಿಣ ಆಫ್ರಿಕಾದಿಂದ ಒಬ್ಬನನ್ನು ತರಿಸಿಕೊಂಡರು. ಪೆರೆಗ್ರೀನ್ಸ್ ತಂಡವನ್ನು ಲಂಡನ್ನಿನವರು ಮರು ವರ್ಷ ಮುಚ್ಚಿದರು. ರಸ್ ಸೋಮವಾರ ಬೆಳಿಗ್ಗೆ ಜೈಲಿನವರಿಗೆ ಹೂಂ ಅಂದ. ಆಮೇಲೆ ಅವನು ಬ್ಯಾಟ್ ಹಿಡಿದದ್ದನ್ನು ನಾನು ನೋಡಿಲ್ಲ.

ಆದರೆ ಆ ಸಂಜೆ ಮೂವರೂ ಒಂದೇ ಕಾರಿನಲ್ಲಿ ಮನೆಗೆ ಬರಬೇಕಿತ್ತಲ್ಲ. ಬೆಳಿಗ್ಗೆ ಮುಂದಿನ ಸೀಟಿನಲ್ಲಿ ಕೂತು ಬಂದಿದ್ದ ರಸ್ ಸುಮ್ಮನೆ ಹಿಂದೆ ಹತ್ತಿದ. ಮುಂದೆ ಸಾಕಿಬ್ ಪಕ್ಕ ನಾನು ಕೂತೆ. ಬಿಸಿಲು ಇನ್ನೂ ಇತ್ತು.  ವೇಕ್‌ಫೀಲ್ಡ್ ದಾಟಿದ ಮೇಲೆ ಸಾಕಿಬ್ ಕನ್ನಡಿಯಲ್ಲಿ ಹಿಂದೆ ನೋಡಿದ.

"ಏನಾದ್ರೂ ಅನ್ನೋ. ಬಯ್ಯಾದ್ರೂ ಬಯ್ಯಿ."

"ಬಯ್ಯೋಕೇನಿದೆ. ಒಳ್ಳೇ ಕ್ಯಾಚು."

"ಬ್ರೂಸ್ಟರ್ ಕರೆದಿದ್ದಾನೆ. ನೀನು ಬೇಡ ಅಂದ್ರೆ ಹೋಗಲ್ಲ ಕಣೋ. ಅಲ್ಲಾನಾಣೆ ಹೋಗಲ್ಲ."

"ಹೋಗು. ಯಾರಿಗಾದ್ರೂ ಸಿಗ್ಲಿ."

ಕಾರು ರಸ್‌ನ ಮನೆಯ ತಿರುವಿಗೆ ಬಂತು. ಸಾಕಿಬ್ ಎಂಜಿನ್ ಆರಿಸಲಿಲ್ಲ.  "ಬಿಟ್ಟುಬಿಡಬಹುದಿತ್ತು. ಕೈಗೆ ಬಂದದ್ದನ್ನ ಜಾರಿಸೋಕೆ ಎಷ್ಟೊತ್ತು. ಹೋದ ವಾರ ಬಿಟ್ಟಿರ್ಲಿಲ್ವಾ? ಯಾರೂ ಏನೂ ಅಂತಿರ್ಲಿಲ್ಲ."

"ಬೇಕಂತ ಬಿಟ್ಟಿದ್ರೆ ನನಗೆ ಗೊತ್ತಾಗ್ತಿತ್ತು" ಎಂದ ರಸ್. "ಆಗ್ಲೇ ನಿನ್ನ ಹತ್ರ ಮಾತು ಬಿಡ್ತಿದ್ದೆ."

"ಕ್ಯಾಚ್ ಬಿಡ್ಲಿಲ್ವಲ್ಲ ಮತ್ತೆ."

ರಸ್ ಇಳಿದು ಹಿಂದಿನಿಂದ ತನ್ನ ಚೀಲ ಎತ್ತಿಕೊಂಡ. ಕಿಟಕಿಯ ಹತ್ತಿರ ಬಂದು ಬಗ್ಗಿದ. ಸಿಟ್ಟಿರಲಿಲ್ಲ, ದಣಿವು ಮಾತ್ರ ಇತ್ತು.

"ಹೂಂ. ಬಿಡ್ಲಿಲ್ಲ. ಅದಕ್ಕೂ ಮಾತು ಬಿಡ್ತಾ ಇದ್ದೀನಿ."

ಅವನು ಗೇಟು ತೆರೆದು ಒಳಗೆ ಹೋದ. ಸಾಕಿಬ್ ನನ್ನನ್ನು ಕೇಳಿದ, "ತಮಾಷೆಗೆ ಅಂದಿದ್ದು ಅಲ್ವಾ?" ನಾನು ಹೌದು ಎಂದೆ. ರಸ್ ಇಂದಿಗೂ ಅವನೊಡನೆ ಮಾತಾಡಿಲ್ಲ.